ಕಕ್ಕೆಮರವೂ ಅದರ ಹೂವೂ



ಕಕ್ಕೆಮರವನ್ನು ಕಾಣದ ಹಳ್ಳಿಗರು ನಮ್ಮ ನಾಡಿನಲ್ಲಿ ಕಡಮೆ. ಕಾಡಂಚಿನಲ್ಲಿ, ಕುರುಚಲು ಗುಡ್ಡದಲ್ಲಿ, ಹೊಲದ ಬದುವಿನಲ್ಲಿ, ದೇವಸ್ಥಾನದ ಹಿಂದೆ ಅದು ತಾನಾಗಿಯೇ ಬೆಳೆಯುತ್ತದೆ. ಬೇಸಗೆಯಲ್ಲಿ ಮೈತುಂಬ ಹಳದಿ ಗೊಂಚಲು ಇಳಿಬಿಟ್ಟು ನಿಂತಾಗ ಎಲ್ಲರೂ ಅದನ್ನು ನೋಡುತ್ತಾರೆ. ಆದರೆ ವರ್ಷದ ಉಳಿದ ಹತ್ತು ತಿಂಗಳು ಅದು ಏನು ಮಾಡುತ್ತದೆಂಬುದನ್ನು ಗಮನಿಸುವವರು ಅಪರೂಪ. ಈ ಅಲಕ್ಷ್ಯದಿಂದ ಆಗುವ ನಷ್ಟ ಸಣ್ಣದಲ್ಲ. ಮಾಘ, ಫಾಲ್ಗುಣ ಮಾಸಗಳಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತ ಕಕ್ಕೆಯನ್ನು "ಒಣಗಿತು" ಎಂದು ತಿಳಿದು ಸೌದೆಗೆ ಕಡಿಯುವುದುಂಟು. ಇನ್ನು ಒಂದೂವರೆ ತಿಂಗಳು ತಾಳಿದ್ದರೆ ಅದೇ ಮರ ಊರಿಗೆಲ್ಲ ಕಾಣುವಂತೆ ಅರಳುತ್ತಿತ್ತು. ಆದುದರಿಂದ ಈ ಪಾಠದಲ್ಲಿ ಕಕ್ಕೆಯ ಹೂವು ಯಾವಾಗ, ಎಲ್ಲಿ, ಹೇಗೆ ಬರುತ್ತದೆ, ಅದನ್ನು ಉಳಿಸಿಕೊಳ್ಳಲು ನಾವು ಏನು ಮಾಡಬೇಕು ಎಂಬುದನ್ನು ತಿಳಿಯೋಣ.

ಹೆಸರು ಮತ್ತು ಗುರುತು

ಇದಕ್ಕೆ ಕಕ್ಕೆ, ಹೆಗ್ಗಕ್ಕೆ ಎಂದು ಕನ್ನಡದಲ್ಲಿ ಹೆಸರು. ಸಂಸ್ಕೃತದಲ್ಲಿ ಆರಗ್ವಧ, ರಾಜವೃಕ್ಷ ಎನ್ನುತ್ತಾರೆ. ತಮಿಳರಿಗೆ ಇದು ಕೊನ್ನೈ, ಮಲೆಯಾಳಿಗಳಿಗೆ ಕಣಿಕೊನ್ನ, ತೆಲುಗರಿಗೆ ರೇಲ, ಮರಾಠಿಗರಿಗೆ ಬಹಾವಾ, ಹಿಂದಿಯವರಿಗೆ ಅಮಲ್ತಾಸ್. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಯಾಸಿಯಾ ಫಿಸ್ಟುಲಾ. ಈ ಹೆಸರನ್ನು ೧೭೫೩ರಲ್ಲಿ ಲಿನೇಯಸ್ ಎಂಬ ಸ್ವೀಡನ್ ದೇಶದ ವಿದ್ವಾಂಸನು ಕೊಟ್ಟನು. ಫಿಸ್ಟುಲಾ ಎಂದರೆ ಕೊಳವೆ. ಇದರ ಕಾಯಿ ಕೊಳವೆಯಂತೆ ಉದ್ದವೂ ದುಂಡಗೂ ಇರುವುದರಿಂದ ಆ ಹೆಸರು ಬಂದಿತು.

ಕೇರಳದಲ್ಲಿ ವಿಷು ಹಬ್ಬದ ಬೆಳಗ್ಗೆ ಕಣಿಯ ಮುಂದೆ ಈ ಹೂವು ಇರಲೇಬೇಕು. ಅದು ಆ ರಾಜ್ಯದ ಹೂವೂ ಹೌದು. ದೂರದ ಥಾಯ್ಲೆಂಡ್ ದೇಶದವರೂ ಇದನ್ನೇ ತಮ್ಮ ರಾಷ್ಟ್ರದ ಹೂವೆಂದು ಆರಿಸಿಕೊಂಡಿದ್ದಾರೆ. ಅವರು ಇದನ್ನು ಕರೆಯುವ ಹೆಸರು ನಮ್ಮ "ರಾಜವೃಕ್ಷ" ಎಂಬ ಮಾತಿನಿಂದಲೇ ಹುಟ್ಟಿದ್ದು. ನಾವು ಸೌದೆಯೆಂದು ಎಣಿಸುವ ಮರಕ್ಕೆ ಬೇರೆಯವರು ಕೊಟ್ಟಿರುವ ಮಾನ ಇಷ್ಟು.

ಹಳದಿ ಹೂ ಬಿಡುವ ಮರಗಳು ಹಲವು ಇವೆ. ಹೂವಿನ ಗೊಂಚಲು ಕೊಂಬೆಯಿಂದ ಕೆಳಕ್ಕೆ ಜೋತುಬಿದ್ದಿದೆಯೋ ಅಥವಾ ಮೇಲಕ್ಕೆ ನಿಗುರಿದೆಯೋ ಎಂಬುದನ್ನು ಮೊದಲು ನೋಡಿರಿ. ಕಕ್ಕೆಯ ಗೊಂಚಲು ಜೋತುಬೀಳುತ್ತದೆ. ಸೀಮೆತಂಗಡಿಯ ಗೊಂಚಲು ರೆಂಬೆಯ ತುದಿಯಲ್ಲಿ ಮೇಲ್ಮುಖವಾಗಿರುತ್ತದೆ. ರಸ್ತೆ ಬದಿಯ ಹಳದಿ ಗುಲ್‌ಮೊಹರದ್ದೂ ಹಾಗೆಯೇ. ಅದರ ಮೊಗ್ಗು ತುಕ್ಕಿನ ಬಣ್ಣದ್ದು. ಆ ಎರಡು ಮರಗಳ ಕಾಯಿ ಚಪ್ಪಟೆ, ಕಕ್ಕೆಯದು ಕೋಲಿನಂತೆ ದುಂಡು. ಬಯಲಿನಲ್ಲಿ ಬೆಳೆಯುವ ತಂಗಡಿಯಂತೂ ಪೊದೆಯೇ ಹೊರತು ಮರವಲ್ಲ. ಬೀಜ ಆರಿಸುವವರು ಈ ಭೇದವನ್ನು ಮರೆಯಬಾರದು.

ಮರದ ಹನ್ನೆರಡು ತಿಂಗಳು

ಕಕ್ಕೆಯ ವರ್ಷವನ್ನು ನಾಲ್ಕು ಭಾಗ ಮಾಡಿ ನೋಡಬಹುದು.

ಮೊದಲನೆಯದು ಎಲೆ ಉದುರುವ ಕಾಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನೆಲದ ತೇವ ಕಡಮೆಯಾಗುತ್ತಿದ್ದಂತೆ ಮರ ಎಲೆಗಳನ್ನು ಕಳಚಿಹಾಕುತ್ತದೆ. ಇದು ರೋಗವಲ್ಲ. ಎಲೆಯ ಮೂಲಕ ನೀರು ಆವಿಯಾಗಿ ಹೋಗುವುದನ್ನು ತಡೆಯುವ ಉಪಾಯ. ಈಗ ಮರದ ಮೇಲೆ ಉಳಿಯುವುದು ಹಿಂದಿನ ವರ್ಷದ ಕಪ್ಪು ಕಾಯಿಗಳು ಮಾತ್ರ.

ಎರಡನೆಯದು ಹೂವಿನ ಕಾಲ. ಏಪ್ರಿಲ್‌ನಿಂದ ಜೂನ್‌ವರೆಗೆ, ಅದರಲ್ಲೂ ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ, ಹೂವು ಭರದಲ್ಲಿರುತ್ತದೆ. ಊರಿನ ಎತ್ತರ, ಬಿಸಿಲು, ಮಳೆಗಳನ್ನು ಅನುಸರಿಸಿ ಎರಡು ಮೂರು ವಾರ ಹಿಂದುಮುಂದಾಗಬಹುದು. ಬಿಸಿಲು ಬೇಗ ಏರಿದ ವರ್ಷ ಹೂವೂ ಬೇಗ ಬರುವುದುಂಟು. ಇತ್ತೀಚಿನ ವರ್ಷಗಳಲ್ಲಿ ಕೇರಳದ ಹಲವು ಕಡೆ ಇದು ವಿಷುವಿಗೆ ಬಹಳ ಮುಂಚೆಯೇ ಅರಳಿ ಮುಗಿಯುತ್ತಿದೆಯೆಂದು ವರದಿಗಳಿವೆ. ಎಲೆ ಇಲ್ಲದಿರುವಾಗ ಅಥವಾ ಚಿಗುರು ಇನ್ನೂ ಎಳೆಯದಾಗಿರುವಾಗ ಹೂವು ಬರುವುದರಿಂದ ಮರ ದೂರದಿಂದಲೇ ಕಾಣುತ್ತದೆ. ನಮ್ಮ ಕಣ್ಣಿಗೆ ಕಂಡಂತೆ ದುಂಬಿಯ ಕಣ್ಣಿಗೂ ಕಾಣುತ್ತದೆ.

ಮೂರನೆಯದು ಎಲೆಯ ಕಾಲ. ಹೂವಿನ ಜೊತೆಯಲ್ಲೋ ಅದರ ಬೆನ್ನಿಗೋ ತಾಮ್ರದ ಬಣ್ಣದ ಚಿಗುರು ಬಂದು, ಮುಂಗಾರು ಹಿಡಿದ ಮೇಲೆ ಮರ ಹಸುರಾಗುತ್ತದೆ. ಒಂದೊಂದು ಎಲೆಯಲ್ಲೂ ಮೂರರಿಂದ ಎಂಟು ಜೊತೆ ದೊಡ್ಡ ಕಿರುಎಲೆಗಳು. ಈ ತಿಂಗಳುಗಳಲ್ಲಿ ಮರ ಹೊಸ ರೆಂಬೆಗಳನ್ನು ಬೆಳೆಸುತ್ತದೆ. ಇದು ಮುಖ್ಯವಾದ ವಿಷಯ. ಏಕೆಂದರೆ ಮುಂದಿನ ಬೇಸಗೆಯ ಹೂವಿಗೆ ಬೇಕಾದ ಆಹಾರವನ್ನು ಮರ ಕೂಡಿಡುವುದು ಈಗಲೇ.

ನಾಲ್ಕನೆಯದು ಕಾಯಿ ಬಲಿಯುವ ಕಾಲ. ಹೂವು ಉದುರಿದ ಮೇಲೆ ಹಸುರು ಕಡ್ಡಿಯಂತಹ ಕಾಯಿ ಇಳಿಯುತ್ತದೆ. ಅದು ಬಲಿತು ಕಪ್ಪಾಗಲು ಹೆಚ್ಚುಕಡಮೆ ಒಂದು ವರ್ಷ ಹಿಡಿಯುತ್ತದೆ. ಆದುದರಿಂದಲೇ ಈ ವರ್ಷದ ಹೂವು ಅರಳುವಾಗ ಹಿಂದಿನ ವರ್ಷದ ಕಾಯಿ ಪಕ್ಕದಲ್ಲೇ ತೂಗುತ್ತಿರುತ್ತದೆ. ಮಗಳ ಮದುವೆಯಲ್ಲಿ ಅಜ್ಜಿ ಚಪ್ಪರದ ಕೆಳಗೆ ಕುಳಿತ ಹಾಗೆ.

ಒಂದು ಹೂವನ್ನು ಬಿಡಿಸಿ ನೋಡಿ

ಇನ್ನು ಹೂವಿಗೆ ಬರೋಣ. ಕೆಳಗೆ ಬಿದ್ದ ಹೂವಾದರೂ ಸರಿ, ಒಂದನ್ನು ಕೈಯಲ್ಲಿ ಹಿಡಿದುಕೊಂಡು ಮುಂದೆ ಓದಿರಿ. ಮಕ್ಕಳು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಮೊದಲು ಗೊಂಚಲನ್ನು ನೋಡಿ. ಸಾಮಾನ್ಯವಾಗಿ ಅದು ಒಂದು ಅಡಿ ಉದ್ದ, ಕೆಲವು ಎರಡು ಅಡಿಯವರೆಗೂ ಇರುತ್ತವೆ. ಕೊಂಬೆಗೆ ಹತ್ತಿರದ ಹೂವುಗಳು ಮೊದಲು ಅರಳುತ್ತವೆ. ತುದಿಯಲ್ಲಿರುವ ಮೊಗ್ಗುಗಳು ಕೊನೆಗೆ. ಹೀಗಾಗಿ ಮೇಲೆ ಅಗಲ, ಕೆಳಗೆ ಚೂಪು. ಒಂದೇ ದಿನ ಎಲ್ಲವೂ ಅರಳದೆ ಸರದಿಯಂತೆ ಅರಳುವುದರಿಂದ ಮರ ಹಲವು ವಾರ ಹೂವಿನಿಂದ ತುಂಬಿರುತ್ತದೆ. ಒಂದು ದಿನ ಗಾಳಿಮಳೆ ಬಂದು ಅರಳಿದ್ದೆಲ್ಲ ಉದುರಿದರೂ ಮಾರನೆಯ ದಿನಕ್ಕೆ ಮೊಗ್ಗು ಉಳಿದಿರುತ್ತದೆ. ಎಲ್ಲ ಬೀಜವನ್ನೂ ಒಂದೇ ಹದದಲ್ಲಿ ಬಿತ್ತದ ರೈತನ ಜಾಣತನ ಇದು.

ಒಂದು ಹೂವಿನ ಅಗಲ ಸುಮಾರು ಎರಡು ಅಂಗುಲ. ಹೊರಗೆ ಐದು ಸಣ್ಣ ಹಸುರು ದಳಗಳು. ಇವು ಮೊಗ್ಗಿಗೆ ಹೊದಿಕೆ. ಒಳಗೆ ಐದು ಹಳದಿ ಎಸಳುಗಳು. ಬೆಳಕಿಗೆ ಹಿಡಿದರೆ ಎಸಳಿನಲ್ಲಿ ನರಗಳು ಸ್ಪಷ್ಟವಾಗಿ ಕಾಣುತ್ತವೆ.

ಎಸಳುಗಳ ನಡುವೆ ಹತ್ತು ಕೇಸರಗಳು. ಇವು ಗಂಡು ಭಾಗ. ಎಣಿಸುವಾಗ ಅವುಗಳ ಉದ್ದವನ್ನೂ ನೋಡಿರಿ, ಮೂರು ಬಗೆ ಇವೆ. ಮೂರು ಕೇಸರಗಳು ಬಹಳ ಉದ್ದವಾಗಿದ್ದು ಕುಡುಗೋಲಿನಂತೆ ಬಾಗಿ ಎಸಳಿನಿಂದ ಹೊರಕ್ಕೆ ಬಂದಿರುತ್ತವೆ. ನಾಲ್ಕು ಗಿಡ್ಡವಾಗಿ ನೆಟ್ಟಗೆ ನಡುವೆ ನಿಂತಿರುತ್ತವೆ. ಉಳಿದ ಮೂರು ತೀರ ಚಿಕ್ಕವು. ಅವು ಬಂಜೆ ಕೇಸರಗಳು. ಉದ್ದದ ಕೇಸರಗಳ ಪಕ್ಕದಲ್ಲಿ ಹಸುರು ದಾರದಂತೆ ಬಾಗಿದ ಒಂದು ಕಡ್ಡಿ ಇದೆ. ಅದೇ ಹೆಣ್ಣು ಭಾಗ. ಮುಂದೆ ಎರಡು ಅಡಿಯ ಕಾಯಿ ಆಗುವುದು ಈ ದಾರವೇ.

ಕೇಸರಗಳು ಹೀಗೆ ಮೂರು ಅಳತೆಯಲ್ಲಿರುವುದೇಕೆ? ಕಕ್ಕೆಯ ಹೂವಿನಲ್ಲಿ ಜೇನು, ಅಂದರೆ ಮಕರಂದ, ಇಲ್ಲ. ಬಂದ ದುಂಬಿಗೆ ಅದು ಕೊಡುವುದು ಪರಾಗದ ಪುಡಿಯನ್ನು ಮಾತ್ರ. ಮರವನ್ನೂ ಒಣಬಿದಿರನ್ನೂ ಕೊರೆದು ಗೂಡು ಮಾಡುವ ದೊಡ್ಡ ಕರಿದುಂಬಿಯನ್ನು ನೀವು ಬಲ್ಲಿರಿ. ಅದು ಹೂವಿನ ನಡುವೆ ಕುಳಿತು ಗಿಡ್ಡ ಕೇಸರಗಳನ್ನು ಕಾಲಿನಿಂದ ಹಿಡಿದುಕೊಂಡು ಮೈ ನಡುಗಿಸಿ ಗುಂಯ್‌ಗುಟ್ಟುತ್ತದೆ. ಆ ಅದುರಿಗೆ ಪರಾಗ ಪುಡಿಪುಡಿಯಾಗಿ ಉದುರುತ್ತದೆ. ಗಿಡ್ಡ ಕೇಸರದ ಪರಾಗ ದುಂಬಿಯ ಊಟ. ಅದೇ ಹೊತ್ತಿಗೆ ಹೊರಕ್ಕೆ ಬಾಗಿದ ಉದ್ದದ ಕೇಸರಗಳು ದುಂಬಿಯ ಮೈಗೆ ಪರಾಗ ಮೆತ್ತುತ್ತವೆ. ಆ ಪರಾಗ ಮುಂದಿನ ಹೂವಿನ ಹಸುರು ಕಡ್ಡಿಯ ತುದಿಗೆ ತಗಲುತ್ತದೆ. ಕೂಲಿಗೊಂದು ಪಾಲು, ಬಿತ್ತನೆಗೊಂದು ಪಾಲು ಎಂದು ನಾವು ಕಣದಲ್ಲಿ ರಾಶಿಯನ್ನು ಬೇರೆ ಮಾಡುವಂತೆಯೇ ಈ ಹೂವು ಪರಾಗವನ್ನು ಬೇರೆ ಮಾಡಿಟ್ಟಿದೆ.

ಹೂವಿನಿಂದ ಕಾಯಿ, ಕಾಯಿಯಿಂದ ಬೀಜ

ಒಂದು ಗೊಂಚಲಿನಲ್ಲಿ ಹತ್ತಾರು ಹೂವು ಇದ್ದರೂ ಕಾಯಿ ನಿಲ್ಲುವುದು ಒಂದೋ ಎರಡೋ. ಎಷ್ಟೋ ಗೊಂಚಲಿನಲ್ಲಿ ಒಂದೂ ನಿಲ್ಲುವುದಿಲ್ಲ. ಇದಕ್ಕಾಗಿ ಚಿಂತಿಸಬೇಕಾಗಿಲ್ಲ. ಅಷ್ಟು ಉದ್ದದ ಕಾಯನ್ನು ವರ್ಷವಿಡೀ ಸಾಕುವುದು ಮರಕ್ಕೆ ಭಾರವೇ. ಆದರೆ ನಿಮ್ಮ ಊರಿನ ಎಲ್ಲ ಕಕ್ಕೆಗಳಲ್ಲೂ ವರ್ಷ ವರ್ಷವೂ ಕಾಯಿ ತೀರ ಕಡಮೆಯಾಗುತ್ತಿದ್ದರೆ, ದುಂಬಿಗಳು ಕಡಮೆಯಾಗಿವೆಯೋ ಎಂದು ಗಮನಿಸಿರಿ. ಹೂವಿನ ಕಾಲದಲ್ಲಿ ಪಕ್ಕದ ತೋಟಕ್ಕೆ ಔಷಧಿ ಹೊಡೆಯಬೇಕಾದರೆ ಸಂಜೆ ಹೊಡೆಯಿರಿ, ಬೆಳಗ್ಗೆ ಬೇಡ. ಬದುವಿನ ಒಣಬಿದಿರನ್ನೂ ಹಳೆಯ ಕೊರಡನ್ನೂ ಪೂರ್ತಿ ಸುಡಬೇಡಿ. ಅದು ಕರಿದುಂಬಿಯ ಮನೆ. ಆ ದುಂಬಿ ಕಕ್ಕೆಗೆ ಮಾತ್ರವಲ್ಲ, ನಿಮ್ಮ ಹಿತ್ತಲಿನ ಎಷ್ಟೋ ಗಿಡಗಳಿಗೂ ಬೇಕಾದುದು.

ಕಾಯಿಯ ಉದ್ದ ಒಂದರಿಂದ ಎರಡು ಅಡಿ. ಒಡೆದು ನೋಡಿದರೆ ಒಳಗೆ ಕಾಸು ಜೋಡಿಸಿದಂತೆ ತೆಳ್ಳನೆಯ ಅಡ್ಡಗೋಡೆಗಳು, ಒಂದೊಂದು ಕೋಣೆಗೆ ಒಂದೊಂದು ಬೀಜ, ಸುತ್ತ ಕಪ್ಪು ಅಂಟುತಿರುಳು. ಈ ಕಾಯಿ ತಾನಾಗಿ ಒಡೆಯುವುದಿಲ್ಲ. ಮಂಗ, ನರಿ, ಕಾಡುಹಂದಿ, ಕರಡಿಗಳು ತಿರುಳಿನ ಆಸೆಗೆ ಒಡೆದು ತಿಂದು ಬೀಜವನ್ನು ದೂರ ಬಿಸಾಡುತ್ತವೆ. ಕಾಡಿನಲ್ಲಿ ಕಕ್ಕೆ ಹಬ್ಬುವುದು ಹೀಗೆ. ಊರಿನಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು.

ಒಣಗಿದ ಮರವೇ, ಮಲಗಿದ ಮರವೇ?

ಈಗ ಪಾಠದ ಮುಖ್ಯ ಭಾಗಕ್ಕೆ ಬಂದೆವು. ಬೋಳಾಗಿ ನಿಂತ ಕಕ್ಕೆ ಸತ್ತಿದೆಯೋ ಬದುಕಿದೆಯೋ ತಿಳಿಯುವುದು ಹೇಗೆ?

೧. ಬೆರಳಿನ ಗಾತ್ರದ ಒಂದು ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸುರು, ತೇವ ಕಂಡರೆ ಮರ ಬದುಕಿದೆ. ಕಂದುಬಣ್ಣದ ಒಣಪುಡಿ ಬಂದರೆ ಆ ರೆಂಬೆ ಸತ್ತಿದೆ.

೨. ಒಂದು ರೆಂಬೆಯಿಂದ ತೀರ್ಮಾನಿಸಬೇಡಿ. ನಾಲ್ಕು ದಿಕ್ಕಿನ ನಾಲ್ಕು ರೆಂಬೆಗಳನ್ನು ನೋಡಿ, ಕಡೆಗೆ ಬುಡದ ಹತ್ತಿರವೂ ಕೆರೆದು ನೋಡಿರಿ.

೩. ಸಣ್ಣ ರೆಂಬೆಯನ್ನು ಬಾಗಿಸಿರಿ. ಬದುಕಿದ್ದರೆ ಬಳುಕುತ್ತದೆ, ಸತ್ತಿದ್ದರೆ ಪಟ್ಟನೆ ಮುರಿಯುತ್ತದೆ.

೪. ಇಷ್ಟಾದರೂ ಸಂದೇಹವಿದ್ದರೆ ಜೂನ್ ಮುಗಿಯುವವರೆಗೆ ಕಾಯಿರಿ. ಬುಡ ಬದುಕಿದ್ದರೆ ಮಳೆಗೆ ಚಿಗುರುತ್ತದೆ. ಕಕ್ಕೆ ಬುಡದಿಂದಲೂ ಬೇರಿನಿಂದಲೂ ಮತ್ತೆ ಚಿಗುರುವ ಜಾತಿ.

ನಮ್ಮ ವಲಯದ ಒಂದು ಊರಿನಲ್ಲಿ ಶಾಲೆಯ ಮುಂದೆ ಎರಡು ಕಕ್ಕೆಮರಗಳಿದ್ದುವು. ಮಾರ್ಚ್‌ನಲ್ಲಿ ಎರಡೂ ಬೋಳಾಗಿದ್ದುವು. ಜಾತ್ರೆಯ ಅಡಿಗೆಗೆ ಕಡಿಯುವುದೆಂದು ಊರಿನವರು ನಿಶ್ಚಯಿಸಿದ್ದರು. ಹಿರಿಯರೊಬ್ಬರು ನನ್ನನ್ನು ಕೇಳಿದರು: "ಅಲ್ಲ ಸ್ವಾಮಿ, ಹೂವು ನೋಡಿದರೆ ಹೊಟ್ಟೆ ತುಂಬುತ್ತದೆಯೇ? ಜಾತ್ರೆಗೆ ಬಂದವರಿಗೆ ಅನ್ನ ಬೇಯಬೇಡವೇ?" ಮಾತು ನ್ಯಾಯವಾದದ್ದೇ. "ಬೇಯಬೇಕು ಯಜಮಾನರೇ, ಸತ್ತದ್ದನ್ನು ಕಡಿಯೋಣ, ಬದುಕಿದ್ದನ್ನು ಬಿಡೋಣ, ಮೊದಲು ಯಾವುದು ಯಾವುದೆಂದು ನೋಡೋಣ" ಎಂದೆ. ಮಕ್ಕಳೇ ತೊಗಟೆ ಕೆರೆದು ನೋಡಿದರು. ಒಂದು ಮರ ಬುಡದವರೆಗೂ ಒಣಗಿತ್ತು. ಅದನ್ನು ಅಪ್ಪಣೆ ಪಡೆದು ಕಡಿದರು. ಇನ್ನೊಂದರಲ್ಲಿ ಎಲ್ಲ ಕಡೆಯೂ ಹಸುರಿತ್ತು. ಮೇ ತಿಂಗಳಲ್ಲಿ ಅದು ಅರಳಿತು. ಆಗ ಶಾಲೆಗೆ ರಜ. ಆದರೂ ಮಕ್ಕಳು ದಿನಾ ಅಲ್ಲೇ ಇದ್ದರು. ಅದೇ ಹಿರಿಯರು ಅದರ ಬೀಜವನ್ನು ಈಗ ಮೊಮ್ಮಗನ ಕೈಯಲ್ಲಿ ಚೀಲಕ್ಕೆ ಹಾಕಿಸಿದ್ದಾರೆ.

ನೆನಪಿಡಿ: ಸಾರ್ವಜನಿಕ ಜಾಗದ ಮರವನ್ನಾಗಲಿ, ಬದುವಿನ ಮರವನ್ನಾಗಲಿ ಕಡಿಯುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಅಪ್ಪಣೆ ಬೇಕಾಗುತ್ತದೆ.

ಹೂ ಬಿಡದಿರಲು ಕಾರಣಗಳು

"ನಮ್ಮ ಮನೆಯ ಕಕ್ಕೆ ಸೊಂಪಾಗಿದೆ, ಆದರೆ ಹೂವೇ ಇಲ್ಲ" ಎಂದು ಕೆಲವರು ಕೇಳುತ್ತಾರೆ. ಸಾಮಾನ್ಯವಾಗಿ ಕಾರಣ ಈ ನಾಲ್ಕರಲ್ಲಿ ಒಂದಾಗಿರುತ್ತದೆ.

ಎಳೆತನ: ಬೀಜದಿಂದ ಬಂದ ಗಿಡ ನಾಲ್ಕೈದು ವರ್ಷಕ್ಕೆ ಮುಂಚೆ ಹೂ ಬಿಡುವುದು ಅಪರೂಪ. ಕೆಲವಕ್ಕೆ ಏಳೆಂಟು ವರ್ಷ ಬೇಕು.

ನೆರಳು: ಕಕ್ಕೆಗೆ ಪೂರ್ಣ ಬಿಸಿಲು ಬೇಕು. ಮಾವು, ಹಲಸಿನ ಮರೆಯಲ್ಲಿ ನೆಟ್ಟರೆ ಉದ್ದ ಬೆಳೆಯುತ್ತದೆ, ಹೂ ಬಿಡುವುದಿಲ್ಲ.

ಅತಿ ಉಪಚಾರ: ಬೆಳೆದ ಮರಕ್ಕೆ ಬಚ್ಚಲ ನೀರು, ಗೊಬ್ಬರ ಸದಾ ಸಿಗುತ್ತಿದ್ದರೆ ಎಲೆಯೇ ಬೆಳೆಯುತ್ತದೆ. ಬೇಸಗೆಯ ಒಣಹವೆ ಅದಕ್ಕೆ ಶಿಕ್ಷೆಯಲ್ಲ, ಹೂವಿಗೆ ಸೂಚನೆ.

ಅಕಾಲದ ಕತ್ತಿ: ದೀಪಾವಳಿಯಿಂದ ಯುಗಾದಿಯೊಳಗೆ ರೆಂಬೆ ಸವರಿದರೆ, ಹೂವು ಬರಬೇಕಾದ ರೆಂಬೆಗಳೇ ಹೋಗುತ್ತವೆ. ಸವರಲೇಬೇಕಾದರೆ ಹೂವು ಮುಗಿದ ಕೂಡಲೆ ಸವರಿರಿ. ಹೊಸ ರೆಂಬೆ ಬೆಳೆಯಲು ಮುಂದೆ ಮಳೆಗಾಲವೆಲ್ಲ ಇರುತ್ತದೆ.

ಕೆಲವು ಕಡೆ ಮಳೆಗಾಲದಲ್ಲಿ ಹಸುರು ಹುಳುಗಳು ಎಲೆಯನ್ನು ತಿಂದು ಬರಿದುಮಾಡುತ್ತವೆ. ಇವು ತಿಳಿಹಳದಿ ಚಿಟ್ಟೆಯ ಮರಿಗಳು. ದೊಡ್ಡ ಮರ ತಾನೇ ಮತ್ತೆ ಚಿಗುರುತ್ತದೆ. ಔಷಧಿ ಬೇಡ. ಸಸಿಯ ಮೇಲಿದ್ದರೆ ಕೈಯಿಂದ ಆರಿಸಿ ತೆಗೆಯಿರಿ.

ಬೀಜ, ಸಸಿ, ಗುಂಡಿ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪೂರ್ತಿ ಕಪ್ಪಾದ ಕಾಯಿ ಆರಿಸಿರಿ. ಅಲ್ಲಾಡಿಸಿದಾಗ ಬೀಜ ಗಲಗಲ ಎಂದರೆ ಚೆನ್ನಾಗಿ ಒಣಗಿದೆ ಎಂದರ್ಥ. ಒಡೆದು, ನೀರಿನಲ್ಲಿ ತಿಕ್ಕಿ ಅಂಟು ತೆಗೆಯಿರಿ. ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೆಯೇ ಬಿತ್ತಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಆದುದರಿಂದ ಕುದಿಸಿ ಒಲೆಯಿಂದ ಇಳಿಸಿದ ನೀರನ್ನು ಬೀಜದ ಮೇಲೆ ಸುರಿದು ಒಂದು ದಿನ ಬಿಡಿರಿ. ಒಲೆಯ ಮೇಲಿಟ್ಟು ಬೀಜವನ್ನೇ ಬೇಯಿಸಬಾರದು. ಉಬ್ಬಿದ ಬೀಜಗಳನ್ನು ಬಿತ್ತಿ, ಉಬ್ಬದವುಗಳ ಒಂದು ಬದಿಯನ್ನು ಒರಟುಕಲ್ಲಿನ ಮೇಲೆ ಸ್ವಲ್ಪ ತಿಕ್ಕಿ ಮತ್ತೆ ನೆನೆಹಾಕಿರಿ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಭಾಗ ಬೆರೆಸಿದ ಚೀಲದಲ್ಲಿ ಅರ್ಧ ಅಂಗುಲ ಆಳಕ್ಕೆ ಊರಿರಿ. ಒಂದರಿಂದ ಮೂರು ವಾರದಲ್ಲಿ ಮೊಳೆಯುತ್ತದೆ.

ಸಸಿಯನ್ನು ಒಂದು ವರ್ಷ ಬೆಳೆಸಿ ಮುಂದಿನ ಮುಂಗಾರಿನಲ್ಲಿ ನೆಡುವುದು ಮೇಲು. ಗುಂಡಿ ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಮೇ ತಿಂಗಳಲ್ಲೇ ತೋಡಿ ಬಿಸಿಲು ಕುಡಿಸಿರಿ. ಮರದಿಂದ ಮರಕ್ಕೆ ಇಪ್ಪತ್ತು ಅಡಿಗೆ ಕಡಮೆ ಬೇಡ. ನೀರು ನಿಲ್ಲುವ ಜಾಗ ಆಗದು. ಮೊದಲ ಎರಡು ಬೇಸಗೆ ವಾರಕ್ಕೊಮ್ಮೆ ನೀರು ಕೊಡಿ. ದನ, ಮೇಕೆಗಳು ಇದರ ಸೊಪ್ಪನ್ನು ಅಷ್ಟಾಗಿ ಬಯಸುವುದಿಲ್ಲ. ಆದರೂ ಮೈ ಉಜ್ಜಿ ಮುರಿಯಬಹುದು, ಮುಳ್ಳುಬೇಲಿ ಹಾಕಿರಿ.

ಎಲ್ಲಿ ನೆಡಬೇಕು, ಎಲ್ಲಿ ಬೇಡ

ಕಕ್ಕೆ ಎಲ್ಲಕ್ಕೂ ಮದ್ದಲ್ಲ. ಬಸ್ಸಿಗೆ ಕಾಯುವ ಜಾಗ, ದನ ಕಟ್ಟುವ ಜಾಗ, ಸಂತೆಯ ಬಯಲು, ಇಲ್ಲಿ ಬೇಸಗೆಯಲ್ಲಿ ನೆರಳು ಬೇಕು. ಬೇಸಗೆಯಲ್ಲೇ ಕಕ್ಕೆ ಬೋಳು. ಅಂತಹ ಕಡೆ ಹೊಂಗೆಯನ್ನು ನೆಡಿ. ಕಕ್ಕೆ ಕಾಳಿನ ಗಿಡಗಳ ಕುಟುಂಬದ್ದಾದರೂ ಅದರ ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟುಗಳು ಕಟ್ಟುವುದಿಲ್ಲ. ಹೊಲಕ್ಕೆ ಗೊಬ್ಬರವಾಗಲಿ ಎಂದು ನೆಡುವವರೂ ಹೊಂಗೆ ಅಥವಾ ಗೊಬ್ಬರದ ಗಿಡವನ್ನೇ ಆರಿಸಬೇಕು. ಶಾಲೆಯ ಬೇಲಿಯಂಚು, ಕೆರೆಯ ಏರಿಯಾಚೆಯ ಒಣನೆಲ, ಊರ ಬಾಗಿಲಿನ ದಾರಿ, ಕಲ್ಲುಗುಡ್ಡ, ಇವು ಕಕ್ಕೆಗೆ ತಕ್ಕ ಸ್ಥಳಗಳು.

ಬೆಂಗಳೂರಿನ ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಕ್ರುಂಬೀಗಲ್ ಅವರು ಒಂದು ಜಾತಿಯ ಹೂವು ಮುಗಿಯುವಾಗ ಮತ್ತೊಂದು ಅರಳುವಂತೆ ಬೀದಿಮರಗಳನ್ನು ಆರಿಸಿದ್ದಕ್ಕೆ ಹೆಸರಾದವರು. ಹಳ್ಳಿಗೂ ಇದು ಅಸಾಧ್ಯವಲ್ಲ. ಫೆಬ್ರವರಿ ಮಾರ್ಚ್‌ಗೆ ಮುತ್ತುಗ, ಏಪ್ರಿಲ್ ಮೇಗೆ ಕಕ್ಕೆ, ಮಳೆಯ ಆರಂಭಕ್ಕೆ ಹೊಳೆದಾಸವಾಳ, ಮಳೆ ಮುಗಿದ ಮೇಲೆ ಆಕಾಶಮಲ್ಲಿಗೆ. ನಾಲ್ಕೇ ಜಾತಿಯಿಂದ ಊರ ದಾರಿ ವರ್ಷದ ಬಹುಭಾಗ ಹೂವಿನಲ್ಲಿರುತ್ತದೆ.

ಒಂದು ಎಚ್ಚರಿಕೆ

ಕಕ್ಕೆಕಾಯಿಯ ತಿರುಳು ಸಿಹಿ, ಆದರೆ ಭೇದಿಯಾಗಿಸುವ ಗುಣವುಳ್ಳದ್ದು. ಆಯುರ್ವೇದದಲ್ಲಿ ಇದನ್ನು ಅಳತೆಯರಿತು ಔಷಧಿಯಾಗಿ ಬಳಸುತ್ತಾರೆ. ಮಕ್ಕಳು ಆಟಕ್ಕೆ ತಿಂದರೆ ಹೊಟ್ಟೆನೋವು, ಭೇದಿ ಆಗುತ್ತದೆ. ಗರ್ಭಿಣಿಯರು, ಎಳೆಯ ಮಕ್ಕಳಿಗೆ ಮನೆಮದ್ದೆಂದು ಕೊಡಬೇಡಿ. ಔಷಧಿಗೆಂದು ಸುತ್ತಲೂ ತೊಗಟೆ ಸುಲಿದರೆ ಮರ ಸಾಯುತ್ತದೆಂಬುದೂ ನೆನಪಿರಲಿ. ಹಬ್ಬಕ್ಕೆ ಹೂವು ಬೇಕಾದರೆ ಗೊಂಚಲನ್ನು ಕತ್ತರಿಸಿಕೊಳ್ಳಿ, ಕೊಂಬೆಯನ್ನು ಸೀಳಬೇಡಿ.

ಮಾಡಿ ನೋಡಿ

೧. ನಿಮ್ಮ ಊರಿನ ಕಕ್ಕೆಮರಗಳನ್ನು ಎಣಿಸಿ, ಎಲ್ಲೆಲ್ಲಿವೆ ಎಂದು ಬರೆದಿಡಿ.

೨. ಒಂದು ಮರವನ್ನು ಆರಿಸಿಕೊಂಡು, ಎಲೆ ಉದುರಿದ ದಿನ, ಮೊದಲ ಹೂವು ಅರಳಿದ ದಿನ, ಕೊನೆಯ ಹೂವು ಉದುರಿದ ದಿನ, ಈ ಮೂರನ್ನು ಶಾಲೆಯ ಗೋಡೆಯ ಮೇಲೆ ಬರೆಸಿರಿ. ಐದು ವರ್ಷದ ಲೆಕ್ಕ ಕೂಡಿದರೆ ನಿಮ್ಮ ಊರಿನ ಹವೆ ಬದಲಾಗುತ್ತಿದೆಯೋ ಇಲ್ಲವೋ ಎಂಬುದಕ್ಕೆ ನಿಮ್ಮದೇ ಆಧಾರ ದೊರೆಯುತ್ತದೆ.

೩. ಒಂದು ಹೂವಿನ ಹತ್ತು ಕೇಸರಗಳನ್ನು ಮಕ್ಕಳಿಂದ ಎಣಿಸಿರಿ. ಉದ್ದದವು ಯಾವುವು, ಬಂಜೆಯವು ಯಾವುವು ಎಂದು ಕೇಳಿರಿ.

೪. ವನಮಹೋತ್ಸವವನ್ನು ೧೯೫೦ರಲ್ಲಿ ಆಗಿನ ಕೃಷಿಸಚಿವ ಕೆ. ಎಂ. ಮುನ್ಷಿಯವರು ಆರಂಭಿಸಿದರು. ಪ್ರತಿ ಜುಲೈಯಲ್ಲಿ ಸಸಿಗಾಗಿ ಬೇರೆಯವರ ದಾರಿ ಕಾಯುವ ಬದಲು, ಈ ಬೇಸಗೆಯಲ್ಲೇ ಇಪ್ಪತ್ತು ಬೀಜ ನೆನೆಹಾಕಿರಿ. ಮುಂದಿನ ವರ್ಷದ ಜುಲೈಗೆ ಊರಿನದೇ ಸಸಿ ಸಿದ್ಧವಾಗಿರುತ್ತದೆ.

ಕೊಡಲಿ ಎತ್ತುವ ಮುನ್ನ ಉಗುರಿನಿಂದ ಒಮ್ಮೆ ಕೆರೆದು ನೋಡಿ. ಇಷ್ಟನ್ನು ನೆನಪಿಟ್ಟರೆ ಈ ಪಾಠ ಸಾರ್ಥಕ.